ಪೇಜ್‌ಮೇಕರ್, ನುಡಿ ಇರುವ ಹಳೇ ಮಷಿನ್ ಕಾಪಾಡಿಕೊಳ್ಳೋದು ಹೇಗೆ?

ನನ್ನದು ಕಂಪ್ಯೂಟರ್ ಸರ್ವೀಸ್ ಕೆಲಸ. ಗಿರಾಕಿಗಳಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿಯವರೇ ಜಾಸ್ತಿ. ಎಷ್ಟೋ ಅಂಗಡಿಗಳ ಮೂಲೆಯಲ್ಲಿ ಇನ್ನೂ ಒಂದು ವಿಂಡೋಸ್ 7 ಮಷಿನ್ ಇದೆ. ಅದರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡುವ ನುಡಿ, ವರ್ಷಾನುಗಟ್ಟಲೆ ಲಗ್ನಪತ್ರಿಕೆ ಫೈಲುಗಳು. "ಚೆನ್ನಾಗಿ ಓಡ್ತಿದೆ ಸರ್, ಅದನ್ನೊಂದು ಮುಟ್ಟಬೇಡಿ" ಅಂತಾರೆ. ಸರಿ, ಮುಟ್ಟಲ್ಲ. ಆದರೆ ಅದಕ್ಕೆ ನೆಟ್ ಕೇಬಲ್ ಚುಚ್ಚಿದ್ದರೆ ಅದನ್ನು ಮಾತ್ರ ಕಿತ್ತೇ ಬರುತ್ತೇನೆ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಅಪ್‌ಡೇಟ್ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. "ನಾವು ಸಿಕ್ಕಸಿಕ್ಕ ಲಿಂಕ್ ಒತ್ತಲ್ಲ, ನಮಗೇನಾಗುತ್ತೆ?" ಅನ್ನುವವರು 2017ರ ವಾನಾಕ್ರೈ ಅನ್ನುವ ವೈರಸ್ ದಾಳಿ ನೆನಪಿಸಿಕೊಳ್ಳಿ. ಅದು ಒಳನುಗ್ಗಿದ ವಿಂಡೋಸ್‌ನ ತೂತಿಗೆ ಮಾರ್ಚ್ 14ಕ್ಕೇ ಪ್ಯಾಚ್, ಅಂದರೆ ತೂತು ಮುಚ್ಚುವ ಅಪ್‌ಡೇಟ್, ಬಂದಿತ್ತು. ವಾನಾಕ್ರೈ ಹರಡಿದ್ದು ಮೇ 12ಕ್ಕೆ. ಹತ್ತಿರಹತ್ತಿರ ಎರಡು ತಿಂಗಳು ಸಮಯವಿದ್ದರೂ ಪ್ಯಾಚ್ ಹಾಕದ ಮಷಿನ್‌ಗಳು ರಾಶಿ ಇದ್ದವು. ಯಾರೂ ಏನನ್ನೂ ಒತ್ತಬೇಕಿರಲಿಲ್ಲ. ಫೈಲ್ ಶೇರಿಂಗ್‌ನ ಹಳೇ ಎಸ್‌ಎಂಬಿ 1 ದಾರಿಯಲ್ಲಿ ಅದು ಒಂದು ಮಷಿನ್‌ನಿಂದ ಇನ್ನೊಂದಕ್ಕೆ ತಾನೇ ನುಗ್ಗಿತು. ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು 300 ಡಾಲರ್ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೇ ಒದ್ದಾಡಿದವು.

ಅದಕ್ಕೇ ಪೇಜ್‌ಮೇಕರ್ ಮಷಿನ್‌ಗೆ ನೆಟ್ ಬೇಡ, ವೈಫೈ ಬೇಡ, ಅಂಗಡಿಯ ಬೇರೆ ಮಷಿನ್‌ಗಳ ಜೊತೆ ಶೇರಿಂಗೂ ಬೇಡ. ಫೈಲ್ ಸಾಗಿಸಲು ಒಂದು ಪೆನ್‌ಡ್ರೈವ್ ಬೇರೆ ಇಡಿ. ಗಿರಾಕಿ ತಂದ ಪೆನ್‌ಡ್ರೈವನ್ನು ಅದಕ್ಕೆ ಚುಚ್ಚಲೇಬೇಡಿ. ಮೊದಲು ಹೊಸ ಮಷಿನ್‌ನಲ್ಲಿ ಸ್ಕ್ಯಾನ್ ಮಾಡಿ, ಬೇಕಾದ ಫೈಲ್ ಮಾತ್ರ ನಿಮ್ಮ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಇನ್ನು ನೆಟ್ ಇರುವ ಮಷಿನ್. ವಿಂಡೋಸ್ ಕೀ ಜೊತೆ ಆರ್ ಒತ್ತಿ, winver ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಯಾವ ವಿಂಡೋಸ್ ಅಂತ ಬರುತ್ತದೆ. ವಿಂಡೋಸ್ 10 ಅಂತ ಬಂದರೆ, ಅದರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಷಿನ್‌ಗೆ ವಿಂಡೋಸ್ 11 ಓಡಿಸುವ ತಾಕತ್ತಿದ್ದರೆ ಅದಕ್ಕೆ ಹೋಗಿ. 11 ಆದರೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆಗೆದು ಚೆಕ್ ಮಾಡಿ.

ಅಪ್‌ಡೇಟ್ ಓಡುತ್ತಲೇ ಇಲ್ವಾ? ಸರ್ಚ್‌ನಲ್ಲಿ ಸರ್ವೀಸಸ್ ತೆರೆದು ವಿಂಡೋಸ್ ಅಪ್‌ಡೇಟ್ ಹುಡುಕಿ. ಸ್ಟಾರ್ಟಪ್ ಟೈಪ್ ಡಿಸೇಬಲ್ಡ್ ಅಂತಿದ್ದರೆ, "ಸಿಸ್ಟಮ್ ಸ್ಲೋ ಆಗುತ್ತೆ" ಅಂತ ಯಾರೋ ಆಫ್ ಮಾಡಿ ಹೋಗಿದ್ದಾರೆ ಅಂತ ಅರ್ಥ. ನಮ್ಮ ಕಸುಬಿನವರದ್ದೇ ಕೆಲಸ ಇದು, ನನಗೆ ಸಿಟ್ಟು ಬರುತ್ತದೆ. ಅದನ್ನು ಮ್ಯಾನುಯಲ್ ಮಾಡಿ, ರೀಸ್ಟಾರ್ಟ್ ಕೊಡಿ. ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಎಸ್‌ಎಂಬಿ 1.0 ಮುಂದೆ ಟಿಕ್ ಇದ್ದರೆ ತೆಗೆಯಿರಿ. ಒಂದೇ ತೊಂದರೆ: ಕೆಲವು ಹಳೇ ಜೆರಾಕ್ಸ್ ಮಷಿನ್‌ಗಳು ಸ್ಕ್ಯಾನನ್ನು ಫೋಲ್ಡರ್‌ಗೆ ಕಳಿಸೋದು ಇದೇ ದಾರಿಯಲ್ಲಿ. ಅದು ನಿಂತರೆ ಸ್ಕ್ಯಾನನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಟಿಕ್ ಮಾತ್ರ ವಾಪಸ್ ಹಾಕಬೇಡಿ.

ಕ್ರೋಮ್ ತಾನೇ ಅಪ್‌ಡೇಟ್ ಆಗುತ್ತದೆ, ಆಗಾಗ ಮುಚ್ಚಿ ತೆರೆದರೆ ಸಾಕು.

ಎಲ್ಲರೂ ಮರೆಯೋದು ಜಿಪ್, ರಾರ್ ಫೈಲುಗಳನ್ನು ಬಿಚ್ಚುವ ವಿನ್‌ರಾರ್. ಅದು ತಾನಾಗಿ ಅಪ್‌ಡೇಟ್ ಆಗುವುದೇ ಇಲ್ಲ. ಹೆಲ್ಪ್ ಮೆನುವಿನಲ್ಲಿ ಅಬೌಟ್ ಒತ್ತಿ ನೋಡಿ. 7.13ಕ್ಕಿಂತ ಹಳೆಯದಾದರೆ ಇವತ್ತೇ ಬದಲಾಯಿಸಿ. 2025ರಲ್ಲಿ ಸಿಕ್ಕ ತೂತೊಂದು ಅದರಲ್ಲಿದೆ: ಬೇಕಂತಲೇ ಹಾಗೆ ತಯಾರಿಸಿದ ಫೈಲನ್ನು ಬಿಚ್ಚಿದರೆ, ನಿಮಗೆ ಗೊತ್ತಾಗದ ಹಾಗೆ ಸ್ಟಾರ್ಟಪ್ ಫೋಲ್ಡರ್‌ನಲ್ಲಿ ಇನ್ನೊಂದು ಫೈಲ್ ಕೂರುತ್ತದೆ. ಮುಂದಿನ ಸಲ ಲಾಗಿನ್ ಆದಾಗ ಅದು ಓಡುತ್ತದೆ. ಇಂಥ ಫೈಲುಗಳನ್ನು ಕಳಿಸಿದವರು ಕೆಲಸಕ್ಕೆ ಅರ್ಜಿ ಹಾಕುವವರ ವೇಷದಲ್ಲಿ, ಬಯೋಡೇಟಾ ಅಂತ ಮೇಲ್ ಮಾಡುತ್ತಿದ್ದರು. ಡಿಟಿಪಿ ಅಂಗಡಿಗೆ ದಿನಾ ಬರೋದು ಅದೇ ಅಲ್ವಾ?