ಅಗ್ಗದ ದರದ ವಿಮಾನ ಸಂಸ್ಥೆಯ ಬೆಳವಣಿಗೆಯನ್ನು ಅಳೆಯುವುದು ಹೇಗೆ: ಜೆಜು ಏರ್‌ನ ಲೆಕ್ಕ

ವಿಮಾನಯಾನ ಸಂಸ್ಥೆಯೊಂದು ಬೆಳೆದಿದೆ ಎಂದು ತೋರಿಸಲು ಪತ್ರಿಕಾ ಪ್ರಕಟಣೆಗಳು ಸಾಮಾನ್ಯವಾಗಿ ಎರಡು ಅಂಕಿಗಳನ್ನು ಮುಂದಿಡುತ್ತವೆ: ವಿಮಾನಗಳ ಸಂಖ್ಯೆ ಮತ್ತು ಪ್ರಯಾಣಿಕರ ಸಂಖ್ಯೆ. ಗುತ್ತಿಗೆಗೆ ವಿಮಾನ ತಂದು, ಅಸಲಿಗಿಂತ ಕಡಿಮೆ ದರಕ್ಕೆ ಟಿಕೆಟ್ ಮಾರಿದರೂ ಈ ಎರಡೂ ಏರುತ್ತಲೇ ಹೋಗುತ್ತವೆ. ಹೂಡಿಕೆಯ ಯೋಚನೆಯಲ್ಲಿರುವವರಿಗೂ ವಾಣಿಜ್ಯಶಾಸ್ತ್ರ ಓದುವ ವಿದ್ಯಾರ್ಥಿಗಳಿಗೂ ಇದಕ್ಕಿಂತ ಗಟ್ಟಿಯಾದ ಅಳತೆಗೋಲು ಬೇಕು. ಅದನ್ನು ಕಟ್ಟಿಕೊಳ್ಳುವ ಬಗೆಯನ್ನು ದಕ್ಷಿಣ ಕೊರಿಯಾದ ಜೆಜು ಏರ್ ಸಂಸ್ಥೆಯನ್ನು ಎದುರಿಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಇಪ್ಪತ್ತು ವರ್ಷಗಳಲ್ಲಿ ಅದು ಹಿಗ್ಗಿದ್ದೂ ಉಂಟು, ಸೊರಗಿದ್ದೂ ಉಂಟು. ಆದ್ದರಿಂದ ಪ್ರತಿಯೊಂದು ಅಳತೆಯನ್ನೂ ಎರಡೂ ಕಾಲಗಳಿಗೆ ಒಡ್ಡಿ ಪರೀಕ್ಷಿಸಬಹುದು.

ಮೊದಲು ದಾಖಲೆಗಳನ್ನು ಹೊಂದಿಸಿಕೊಳ್ಳಿ. ಕೊರಿಯಾದ ಹಣಕಾಸು ಮೇಲ್ವಿಚಾರಣಾ ಸಂಸ್ಥೆ ನಡೆಸುವ ಡಾರ್ಟ್ ಎಂಬ ಜಾಲತಾಣದಲ್ಲಿ ಷೇರುಪೇಟೆಯ ಕಂಪನಿಗಳ ತ್ರೈಮಾಸಿಕ ಮತ್ತು ವಾರ್ಷಿಕ ವರದಿಗಳು ಉಚಿತವಾಗಿ ಸಿಗುತ್ತವೆ. ಷೇರುಪೇಟೆಯಲ್ಲಿ ಜೆಜು ಏರ್‌ನ ಗುರುತು ಸಂಖ್ಯೆ 089590. ಪೂರ್ಣ ವರದಿಗಳು ಕೊರಿಯನ್ ಭಾಷೆಯಲ್ಲಿರುತ್ತವೆ, ಆದರೆ ಕೋಷ್ಟಕಗಳನ್ನು ಓದಲು ಯಂತ್ರಾನುವಾದ ಸಾಕಾಗುತ್ತದೆ. ಎಡವುವುದು ಎಣಿಕೆಯಲ್ಲಿ. ಕೊರಿಯನ್ನರ ಒಂದು ‘ಒಕ್’ ಎಂದರೆ ನಮ್ಮ ಹತ್ತು ಕೋಟಿ, ಒಂದು ‘ಜೋ’ ಎಂದರೆ ಲಕ್ಷ ಕೋಟಿ. ಇಂಗ್ಲಿಷಿನ ಮಿಲಿಯನ್, ಬಿಲಿಯನ್‌ಗಳ ದಾರಿ ಹಿಡಿಯದೆ ನೇರವಾಗಿ ಕೋಟಿಗೆ ಇಳಿಸಿಕೊಂಡರೆ ಸೊನ್ನೆಗಳು ತಪ್ಪುವುದಿಲ್ಲ. ಅವರ ಲೆಕ್ಕದ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಬಳಿಕ ಹಣ ಹೂಡಿದವರು ಯಾರು, ಯಾಕೆ ಹೂಡಿದರು ಎಂಬುದನ್ನು ನೋಡಬೇಕು. ಸಾಬೂನು, ಮಾರ್ಜಕಗಳಿಂದ ಹೆಸರು ಮಾಡಿದ ಏಕ್ಯುಂಗ್ ಸಮೂಹವೂ ಜೆಜು ದ್ವೀಪದ ಪ್ರಾಂತೀಯ ಆಡಳಿತವೂ ಸೇರಿ 2005ರ ಜನವರಿಯಲ್ಲಿ ಜೆಜು ಏರ್ ಅನ್ನು ಸ್ಥಾಪಿಸಿದವು. ಸಮೂಹಕ್ಕೆ ಲಾಭ ಬೇಕಿತ್ತು, ದ್ವೀಪಕ್ಕೆ ಅಗ್ಗದ ಟಿಕೆಟ್ ಬೇಕಿತ್ತು. 2017ರಲ್ಲಿ ಸಂಸ್ಥೆ ದರ ಏರಿಸಲು ಹೊರಟಾಗ ಪ್ರಾಂತೀಯ ಆಡಳಿತವು ನ್ಯಾಯಾಲಯದ ಮೆಟ್ಟಿಲೇರಿತು. ಪಾಲುದಾರರ ಉದ್ದೇಶಗಳು ಬೇರೆಬೇರೆ ಇದ್ದಲ್ಲಿ ದರ ನಿಗದಿಯ ಸ್ವಾತಂತ್ರ್ಯ ಎಷ್ಟಿದೆ ಎಂದು ವಿಚಾರಿಸದೆ ಮುಂದಕ್ಕೆ ಹೋಗಬಾರದು.

ಮೂರನೆಯದು ಮಾರ್ಗಗಳ ಪರಿಶೀಲನೆ. ಮೊದಲ ವಿಮಾನ 2006ರ ಜೂನ್ 5ರಂದು ಸೋಲ್ ನಗರದ ಗಿಂಪೊ ನಿಲ್ದಾಣದಿಂದ ಜೆಜುವಿಗೆ ಹಾರಿತು. ಸುಮಾರು 450 ಕಿಲೋಮೀಟರ್ ದೂರದ, ಒಂದು ಗಂಟೆಗೆ ತುಸು ಮೀರಿದ ಈ ಮಾರ್ಗವು ಆಸನಗಳ ಲೆಕ್ಕದಲ್ಲಿ ಜಗತ್ತಿನಲ್ಲೇ ಅತ್ಯಂತ ದಟ್ಟಣೆಯದು. 2023ರಲ್ಲಿ ಎಲ್ಲ ಸಂಸ್ಥೆಗಳೂ ಸೇರಿ ಇಲ್ಲಿ 1.3 ಕೋಟಿಗೂ ಹೆಚ್ಚು ಆಸನಗಳನ್ನು ಒದಗಿಸಿದ್ದವು. ದ್ವೀಪಕ್ಕೆ ರೈಲಿಲ್ಲ, ಹಡಗು ನಿಧಾನ, ಹೀಗಾಗಿ ಬೇಡಿಕೆಗೆ ಕೊರತೆ ಇಲ್ಲ. ಕೊರತೆ ಇರುವುದು ಜೆಜು ನಿಲ್ದಾಣದ ರನ್‌ವೇ ಸಮಯದಲ್ಲಿ. ಅಲ್ಲಿ ಸ್ಲಾಟ್ (ಇಳಿಯಲು, ಹಾರಲು ನಿಗದಿಪಡಿಸಿದ ಸಮಯ) ಸಿಗದಿದ್ದರೆ ಹೆಚ್ಚುವರಿ ವಿಮಾನವಿದ್ದೂ ಪ್ರಯೋಜನವಿಲ್ಲ. ಆದ್ದರಿಂದ ಹೊರದೇಶಕ್ಕೆ ಹಾರುವುದು ಅನಿವಾರ್ಯವಾಗಿತ್ತು. ಅದಕ್ಕೆ ಬಾಗಿಲು ತೆರೆದದ್ದು ಟೋಕಿಯೊವನ್ನು ಹೊರತುಪಡಿಸಿ ಜಪಾನಿನ ಇತರ ನಗರಗಳಿಗೆ ಮುಕ್ತವಾಗಿ ಹಾರಲು ಅನುವು ಮಾಡಿಕೊಟ್ಟ 2007ರ ಒಪ್ಪಂದ. 2009ರಲ್ಲಿ ಜೆಜು ಏರ್ ಇಂಚೆಯಾನ್‌ನಿಂದ ಒಸಾಕಕ್ಕೆ ನಿಗದಿತ ಸೇವೆ ಆರಂಭಿಸಿತು. ಇಂಥ ಪ್ರತಿಯೊಂದು ವಿಸ್ತರಣೆಯ ಹಿಂದೆಯೂ ಯಾವುದೋ ಒಪ್ಪಂದವೋ ಸ್ಲಾಟೋ ಇರುತ್ತದೆ; ಸಂಸ್ಥೆಯ ಜಾಣತನವನ್ನು ಹೊಗಳುವ ಮುನ್ನ ಅದನ್ನು ಹುಡುಕಿ.

ವಿಮಾನದ ಮಾದರಿಗಳ ಪಟ್ಟಿ ಚಿಕ್ಕದಾದಷ್ಟೂ ಒಳ್ಳೆಯದು. ಜೆಜು ಏರ್ ಆರಂಭಿಸಿದ್ದು ರೆಕ್ಕೆಗೆ ಪಂಖ ಕಟ್ಟಿದಂತೆ ಕಾಣುವ ಕ್ಯೂ400 ಟರ್ಬೊಪ್ರಾಪ್‌ಗಳಿಂದ. (2003ರಲ್ಲಿ ಬೆಂಗಳೂರಿನ ಏರ್ ಡೆಕ್ಕನ್ ಕೂಡ ಎಟಿಆರ್ ಟರ್ಬೊಪ್ರಾಪ್‌ನಿಂದಲೇ ಹಾರಾಟ ಆರಂಭಿಸಿತ್ತು ಎಂಬುದು ನಮ್ಮಲ್ಲಿ ಕೆಲವರಿಗೆ ನೆನಪಿರಬಹುದು.) 2008ರಲ್ಲಿ ಬೋಯಿಂಗ್ 737-800 ಬಂದಿತು, 2010ರ ಹೊತ್ತಿಗೆ ಕ್ಯೂ400ಗಳನ್ನು ಬಿಟ್ಟುಕೊಟ್ಟು ಸಂಸ್ಥೆಯು ಒಂದೇ ಮಾದರಿಗೆ ಅಂಟಿಕೊಂಡಿತು. ಪೈಲಟ್‌ಗಳ ತರಬೇತಿ, ಬಿಡಿಭಾಗಗಳ ದಾಸ್ತಾನು, ತಂತ್ರಜ್ಞರ ಪರವಾನಗಿ ಎಲ್ಲವೂ ಒಂದೇ ಯಂತ್ರಕ್ಕೆ ಸಂಬಂಧಿಸಿದ್ದಾಗ ವೆಚ್ಚ ಇಳಿಯುತ್ತದೆ, ಮತ್ತು ಒಂದು ವಿಮಾನ ಕೈಕೊಟ್ಟರೆ ಇನ್ನೊಂದನ್ನು ಕೂಡಲೇ ಆ ಜಾಗಕ್ಕೆ ಕಳುಹಿಸಬಹುದು. ಪ್ರತಿಸ್ಪರ್ಧಿ ಟೀವೇ ಬೇರೆ ದಾರಿ ಹಿಡಿದು, ದೊಡ್ಡ ಏರ್‌ಬಸ್ ಎ330ಗಳನ್ನು ತಂದು 2024ರಲ್ಲಿ ಪ್ಯಾರಿಸ್, ರೋಮ್, ಬಾರ್ಸಿಲೋನಾ, ಫ್ರಾಂಕ್‌ಫರ್ಟ್‌ಗಳಿಗೆ ಹಾರತೊಡಗಿತು. ಅದರ ವಹಿವಾಟು ಹಿಗ್ಗಿತು, ಆ ವರ್ಷದ ಕಾರ್ಯಾಚರಣೆ ಮಾತ್ರ ನಷ್ಟದಲ್ಲಿ ಮುಗಿಯಿತು.

ಅತ್ಯಂತ ನಿಧಾನವಾಗಿ ಮಾಡಬೇಕಾದ ಕೆಲಸವೆಂದರೆ ವಹಿವಾಟು ಮತ್ತು ಕಾರ್ಯಾಚರಣೆ ಲಾಭವನ್ನು (ಬಡ್ಡಿ, ತೆರಿಗೆ ಕಳೆಯುವ ಮೊದಲು ಮೂಲ ವ್ಯವಹಾರದಿಂದ ಉಳಿಯುವ ಹಣ) ಅಕ್ಕಪಕ್ಕದಲ್ಲಿ ವರ್ಷವಾರು ಬರೆದುಕೊಳ್ಳುವುದು. 2015ರ ನವೆಂಬರ್‌ನಲ್ಲಿ ಷೇರುಪೇಟೆ ಪ್ರವೇಶಿಸಿದ ದಿನವೇ ಜೆಜು ಏರ್‌ನ ಮಾರುಕಟ್ಟೆ ಮೌಲ್ಯವು ತನಗಿಂತ ಎಷ್ಟೋ ದೊಡ್ಡದಾದ ಏಷ್ಯಾನಾ ಏರ್‌ಲೈನ್ಸ್‌ನ ಮೌಲ್ಯವನ್ನು ಮೀರಿತ್ತು. 2017ರಲ್ಲಿ ಕಾರ್ಯಾಚರಣೆ ಲಾಭ 10,000 ಕೋಟಿ ವಾನ್ ದಾಟಿತು, 2018ರಲ್ಲಿ ವಹಿವಾಟು ಲಕ್ಷ ಕೋಟಿ ವಾನ್ ದಾಟಿತು. (2024ರ ದರದಲ್ಲಿ ಒಂದು ರೂಪಾಯಿಗೆ ಸುಮಾರು 16 ವಾನ್.) 2019ರ ಸಾಲಿಗೆ ಬಂದಾಗ ಪೆನ್ಸಿಲ್ ನಿಲ್ಲಬೇಕು: ವಹಿವಾಟು ಹಿಂದಿನ ವರ್ಷಕ್ಕಿಂತ ಹೆಚ್ಚಿತ್ತು, ಲಾಭವಿದ್ದ ಜಾಗದಲ್ಲಿ ನಷ್ಟ ಕುಳಿತಿತ್ತು. ಆ ಜುಲೈನಲ್ಲಿ ಜಪಾನ್ ಕೊರಿಯಾಕ್ಕೆ ಹೋಗುವ ಅರೆವಾಹಕ ಸಾಮಗ್ರಿಗಳ ರಫ್ತಿಗೆ ಬಿಗಿ ನಿಯಮ ಹೇರಿದಾಗ ಕೊರಿಯನ್ನರು ಜಪಾನಿನ ಸರಕುಗಳ ಜೊತೆಗೆ ಜಪಾನ್ ಪ್ರವಾಸವನ್ನೂ ಬಹಿಷ್ಕರಿಸಿದರು. ಹತ್ತು ವರ್ಷ ಅನ್ನ ಕೊಟ್ಟ ಮಾರ್ಗಗಳೇ ಕೈಬಿಟ್ಟವು. ಒಟ್ಟು ಆಸನಗಳಲ್ಲಿ ಒಂದೇ ದೇಶದ ಪಾಲು ಎಷ್ಟೆಂಬ ಪ್ರಶ್ನೆಯನ್ನು 2018ರಲ್ಲೇ ಕೇಳಿದ್ದವರಿಗೆ ಇದು ಅಷ್ಟಾಗಿ ಅಚ್ಚರಿ ತಂದಿರಲಾರದು. ಕೋವಿಡ್‌ನ ಮೂರು ವರ್ಷಗಳ ನಷ್ಟ ದಾಟಿ 2023ರಲ್ಲಿ ಸಂಸ್ಥೆಯು ಸುಮಾರು 17,000 ಕೋಟಿ ವಾನ್ ಕಾರ್ಯಾಚರಣೆ ಲಾಭ ತೋರಿಸಿತು.

ಇದರ ಪಕ್ಕದಲ್ಲಿ ಡಾಲರ್ ದರಕ್ಕೂ ಒಂದು ಕಲಮು ಇರಲಿ. ಟಿಕೆಟ್ ಮಾರಾಟವಾಗುವುದು ಹೆಚ್ಚಾಗಿ ವಾನ್‌ನಲ್ಲಿ. ಇಂಧನ ಮತ್ತು ಗುತ್ತಿಗೆ ಬಾಡಿಗೆ ತೆರುವುದು ಡಾಲರ್‌ನಲ್ಲಿ. ಸಂಸ್ಥೆಯು 2018ರಲ್ಲಿ 40 ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ಖರೀದಿಗೆ ಒಪ್ಪಂದ ಮಾಡಿಕೊಂಡು, 2023ರ ಕೊನೆಯಿಂದ ಗುತ್ತಿಗೆಯ ಬದಲು ಸ್ವಂತ ವಿಮಾನಗಳನ್ನು ತರಲಾರಂಭಿಸಿತು. ಇದರಿಂದ ಬಾಡಿಗೆಯ ಹೊರೆ ಇಳಿದರೂ ಸಾಲದ ಹೊರೆ ಏರುವುದರಿಂದ ಎರಡನ್ನೂ ಕೂಡಿಸಿಯೇ ನೋಡಬೇಕು.

ಕೊನೆಯ ಅಳತೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ವಿಮಾನ ತಿಂಗಳಿಗೆ ಎಷ್ಟು ಗಂಟೆ ಹಾರುತ್ತದೆ ಎಂಬುದು. ನೆಲದ ಮೇಲೆ ನಿಂತ ವಿಮಾನಕ್ಕೂ ಬಾಡಿಗೆ ಓಡುತ್ತಿರುತ್ತದೆ. ಹಾಗಾಗಿ ಅಗ್ಗದ ದರದ ಸಂಸ್ಥೆಗಳೆಲ್ಲ ಗಂಟೆಗಳನ್ನು ಹಿಗ್ಗಿಸಲು ನೋಡುತ್ತವೆ. 2024ರಲ್ಲಿ ಜೆಜು ಏರ್‌ನ ಸರಾಸರಿ ತಿಂಗಳಿಗೆ 400 ಗಂಟೆ ಮೀರಿತ್ತು, ಅಂದರೆ ದಿನಕ್ಕೆ 13 ಗಂಟೆಗೂ ಹೆಚ್ಚು. ಈ ಅಂಕಿಯು ದಕ್ಷತೆಯನ್ನೂ ತೋರಿಸುತ್ತದೆ, ಬಿಡುವು ಎಷ್ಟು ಕಡಿಮೆ ಉಳಿದಿದೆ ಎಂಬುದನ್ನೂ ತೋರಿಸುತ್ತದೆ. ಅದು ಏರಿದಾಗ ನಿರ್ವಹಣೆಯ ವೆಚ್ಚ ಮತ್ತು ತಂತ್ರಜ್ಞರ ಸಂಖ್ಯೆ ಅದೇ ಪ್ರಮಾಣದಲ್ಲಿ ಏರಿವೆಯೇ ಎಂದು ಪಕ್ಕದಲ್ಲೇ ಪರಿಶೀಲಿಸಿ.

ಇಲ್ಲಿ ಒಂದು ತಪ್ಪನ್ನು ಮಾಡಬಾರದು. 2024ರ ಡಿಸೆಂಬರ್ 29ರಂದು ಬ್ಯಾಂಕಾಕ್‌ನಿಂದ ಬಂದ ಜೆಜು ಏರ್ 2216 ವಿಮಾನವು ಮುವಾನ್ ನಿಲ್ದಾಣದಲ್ಲಿ ಚಕ್ರಗಳಿಲ್ಲದೆ ಇಳಿದು, ರನ್‌ವೇ ಆಚೆಗಿನ ಕಾಂಕ್ರೀಟ್ ದಿಬ್ಬಕ್ಕೆ ಅಪ್ಪಳಿಸಿ 179 ಜನ ಮೃತಪಟ್ಟರು. ಎರಡೂ ಎಂಜಿನ್‌ಗಳಲ್ಲಿ ಬಾತುಕೋಳಿ ಜಾತಿಯ ವಲಸೆ ಹಕ್ಕಿಗಳ ಗರಿಗಳು ಸಿಕ್ಕಿರುವುದನ್ನು ಪ್ರಾಥಮಿಕ ವರದಿ ದಾಖಲಿಸಿದೆ. ಹಾರಾಟದ ಗಂಟೆಗಳನ್ನೂ ಈ ದುರಂತವನ್ನೂ ನೇರವಾಗಿ ಕೂಡಿಸಿ ತೀರ್ಪು ಕೊಡುವುದು ನ್ಯಾಯವಲ್ಲ. ಆದರೆ ದುರಂತದ ನಂತರ ಸಂಸ್ಥೆಯೇ ತನ್ನ ಹಾರಾಟಗಳನ್ನು ಕಡಿತಗೊಳಿಸಿತು. ಚಳಿಗಾಲದ ರಜೆಯ ಕಾರಣ ಕೊರಿಯಾದ ಅಗ್ಗದ ಸಂಸ್ಥೆಗಳಿಗೆ ಮೊದಲ ತ್ರೈಮಾಸಿಕವೇ ಸುಗ್ಗಿ; 2025ರಲ್ಲಿ ಆ ಸುಗ್ಗಿಯಲ್ಲೇ ಜೆಜು ಏರ್ ನಷ್ಟ ತೋರಿಸಿತು. ಹೋಲಿಕೆಯನ್ನು ಯಾವಾಗಲೂ ಹಿಂದಿನ ವರ್ಷದ ಅದೇ ತ್ರೈಮಾಸಿಕದೊಂದಿಗೆ ಮಾಡಬೇಕಾದದ್ದು ಈ ಕಾರಣಕ್ಕೆ.

ಈ ಕೋಷ್ಟಕವನ್ನು ಸಿದ್ಧಪಡಿಸಿಟ್ಟುಕೊಂಡವರಿಗೆ ಮುಂದಿನ ಬಳಕೆ ಕಾದಿದೆ. ಕೊರಿಯನ್ ಏರ್ 2024ರ ಡಿಸೆಂಬರ್‌ನಲ್ಲಿ ಏಷ್ಯಾನಾವನ್ನು ತನ್ನ ಅಧೀನಕ್ಕೆ ತೆಗೆದುಕೊಂಡಿದ್ದು, ಎರಡೂ ಕಡೆಯ ಅಗ್ಗದ ದರದ ಸಂಸ್ಥೆಗಳಾದ ಜಿನ್ ಏರ್, ಏರ್ ಬುಸಾನ್ ಮತ್ತು ಏರ್ ಸೋಲ್‌ಗಳನ್ನು ಒಂದುಗೂಡಿಸುವ ಯೋಜನೆಯಿದೆ. ಆ ಹೊಸ ಸಂಸ್ಥೆಯ ವಿಮಾನಗಳ ಸಂಖ್ಯೆ, ಒಂದು ಟಿಕೆಟ್ ಕೂಡ ಹೆಚ್ಚು ಮಾರದೆ, ಒಂದೇ ದಿನದಲ್ಲಿ ಜೆಜು ಏರ್ ಅನ್ನು ಹಿಂದಿಕ್ಕಬಲ್ಲದು. ಆಗ ಒಟ್ಟು ಮೊತ್ತಗಳನ್ನು ಬದಿಗಿಟ್ಟು, ಪ್ರತಿ ವಿಮಾನಕ್ಕೆ ಎಷ್ಟು ಲಾಭ, ಎಷ್ಟು ಗಂಟೆ, ಎಷ್ಟು ತಂತ್ರಜ್ಞರು ಎಂಬ ಮೂರು ಕಲಮುಗಳನ್ನು ಮೊದಲು ತುಂಬಿಸಿ.