ಎಲ್ಲಾ ಇರುವೆನೂ ಕಾವಲುಗಾರ ಅಲ್ಲ: ಮಾಕುಟ್ಟ ಕಾಡಲ್ಲಿ ನನ್ನ ಫೀಲ್ಡ್‌ವರ್ಕ್

ಎಲೆ ತಿನ್ನೋ ಹುಳ ಓಡಿಸಿ ಇರುವೆ ಗಿಡಕ್ಕೆ ಕಾವಲು ಅಂತ ಎಲ್ಲರೂ ಹೇಳ್ತಾರೆ, ಯಾವ ಇರುವೆ ಅಂತ ಮಾತ್ರ ಯಾರೂ ಕೇಳಲ್ಲ. ನಾನು ಕೆಲಸ ಮಾಡಿದ್ದು ಹಂಬೋಲ್ಟಿಯಾ ಬ್ರುನೋನಿಸ್ ಮೇಲೆ, ಪಶ್ಚಿಮ ಘಟ್ಟ ಬಿಟ್ರೆ ಬೇರೆಲ್ಲೂ ಸಿಗದ ಸಣ್ಣ ಮರ, ಜಾಗ ವಿರಾಜಪೇಟೆಯಿಂದ ಕೇರಳಕ್ಕೆ ಇಳಿಯೋ ದಾರೀಲಿರೋ ಮಾಕುಟ್ಟ. ಇದರ ಎಳೆ ಎಲೆ, ಮೊಗ್ಗಿನ ಹತ್ರ ಸಿಹಿರಸ ಎಲ್ಲಾ ಗಿಡದಲ್ಲೂ ಬರತ್ತೆ, ಆದ್ರೆ ಇರುವೆಗೆ ಮನೆ ಕೊಡೋದು ಕೆಲವು ಗಿಡ ಮಾತ್ರ, ಪಕ್ಕದಲ್ಲೇ ನಿಂತಿರೋದು ಕೊಡಲ್ಲ. ಮನೆ ಅಂದ್ರೆ ಎರಡು ಗೆಣ್ಣಿನ ಮಧ್ಯದ ಭಾಗ ಊದಿ ಟೊಳ್ಳಾಗಿ ತಾನಾಗೇ ಸೀಳು ಬಿಟ್ಕೊಂಡಿರತ್ತೆ, ಇರುವೆ ಕೊರೀಬೇಕಾಗಿಲ್ಲ.

ಕಾವಲು ಟೆಸ್ಟ್ ಮಾಡೋಕೆ ಒಂದೇ ಗಿಡದಲ್ಲಿ ಒಂದೇ ಹದದ ಚಿಗುರಿರೋ ಎರಡು ಕೊಂಬೆ ಆರಿಸ್ತಿದ್ದೆ. ಎರಡಕ್ಕೂ ಟೇಪ್ ಸುತ್ತಿ ಒಂದಕ್ಕೆ ಇರುವೆ ಹತ್ತದ ಹಾಗೆ ಪೂರ್ತಿ ಸುತ್ತು ಅಂಟು, ಇನ್ನೊಂದಕ್ಕೆ ಅರ್ಧ ಸುತ್ತು ಮಾತ್ರ, ಆಗ ಆ ಕೊಂಬೆಗೆ ಇರುವೆ ಹತ್ತಬಹುದು, ಆಮೇಲೆ 'ಅಂಟಿಂದಲೇ ಹಿಂಗಾಯ್ತು' ಅಂತ ಯಾರೂ ತಕರಾರು ತೆಗೆಯೋ ಹಾಗಿಲ್ಲ. ಸುತ್ತ ತಾಗೋ ಎಲೆ ಬಳ್ಳಿ ಎಲ್ಲಾ ಸವರಬೇಕು, ಒಂದೇ ಒಂದು ತಾಗಿದ್ರೂ ಅದರ ಮೇಲೆ ಸಾಲು ಹಿಡಿದು ಬಂದುಬಿಡ್ತವೆ. ಮಳೆ ಶುರುವಾದ್ರೆ ಅಂಟಿಗೆ ಕಸಕಡ್ಡಿ ಕೂತು ಅದೇ ಸೇತುವೆ ಆಗತ್ತೆ, ಇಂಬಳ ಕಿತ್ಕೊಂಡು ಕಿತ್ಕೊಂಡು ಮತ್ತೆ ಬಳೀತಾ ಇರಬೇಕು. ಹುಳ ಎಷ್ಟು ತಿಂದಿದೆ ಅಂತ ನೋಡೋಕೆ ಎಲೆ ಕೀಳ್ತಿರಲಿಲ್ಲ, ಹಿಂದೆ ಗ್ರಾಫ್ ಹಾಳೆ ಹಿಡಿದು ಫೋಟೋ ಅಷ್ಟೇ. ರಾತ್ರೀನೂ ನೋಡಲೇಬೇಕು, ಹಗಲು ಬರೋ ಇರುವೆಗಳೇ ರಾತ್ರಿನೂ ಬರ್ತವೆ ಅಂತೇನಿಲ್ಲ.

ಇಲ್ಲಿ ನಿಜವಾಗಿ ಎಲೆ ಕಾಯೋದು ಟೆಕ್ನೋಮಿರ್ಮೆಕ್ಸ್ ಆಲ್ಬಿಪೆಸ್ ಅನ್ನೋ ಒಂದು ಜಾತಿ ಇರುವೆ, 2005ರಲ್ಲೇ ಪ್ರಕಟವಾದ ವಿಷಯ ಇದು. ಉಳಿದವು ರಸ ಕುಡ್ಕೊಂಡು ಬಾಡಿಗೆ ಕೊಡದೆ ಕೂತವು ಅಂತ ಅನ್ಸತ್ತೆ. ಹಾಗಂತ ಎಲೆಯ ತೂತು ಎಣಿಸಿ ತೀರ್ಪು ಕೊಡೋದು ನಂಗೆ ಸರಿ ಕಾಣಲ್ಲ.

ಯಾಕಂದ್ರೆ ಮನೆ ಸೀಳಿ ನೋಡಿದ್ರೆ ಕಥೆನೇ ಬೇರೆ. ಮೊದಲು ಮನೆಯ ಸೀಳಿನ ಬಾಯಿಗೆ ಹತ್ತಿ ತುರುಕಿ, ಆಮೇಲೆ ಕತ್ತರಿಸಿ, ಬಿಳಿ ಟ್ರೇ ಮೇಲೆ ಬ್ಲೇಡಲ್ಲಿ ಉದ್ದಕ್ಕೆ ಸೀಳ್ತೀನಿ. ಒಂದರಲ್ಲಿ ಬಿಳಿ ಮರಿಗಳನ್ನ ಕಚ್ಕೊಂಡು ಓಡೋ ಇರುವೆ, ಇನ್ನೊಂದರಲ್ಲಿ ಒದ್ದೆ ಕಪ್ಪು ಮಣ್ಣು, ಅದರೊಳಗೆ ಎರೆಹುಳ! ನೆಲದ್ದಲ್ಲ, ಮರದ ಮೇಲೇ ಇರೋ ಪೆರಿಯೋನಿಕ್ಸ್ ಪುಲ್ಲಸ್. ಇರುವೆ ಮತ್ತೆ ಈ ಹುಳ ಬಿಟ್ಟ ಕಸದಲ್ಲಿರೋ ನೈಟ್ರೋಜನ್ ಟೊಳ್ಳಿನ ಗೋಡೆ ಮೂಲಕ ಗಿಡಕ್ಕೆ ಹೋಗತ್ತೆ ಅಂತ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಗುರುತು ಹಿಡಿದು ಮಾಡಿದ ಕೆಲಸದಲ್ಲಿ ಗೊತ್ತಾಗಿದೆ, ಅಂದ್ರೆ ಕಾಯದವರೂ ಏನೋ ಕೊಡ್ತಿರ್ತಾರೆ. ಅದಕ್ಕೇ ಡೇಟಾಶೀಟಲ್ಲಿ 'ಖಾಲಿ' ಅಂತ ಬರೆಯೋ ಮುಂಚೆ ಆ ಮಣ್ಣನ್ನ ಸೂಜೀಲಿ ಪೂರ್ತಿ ಕೆದಕಿ ನೋಡಿ.