ಷಟ್ಪದಿ ಹಾಡಿಸಿ ಬೀಜಗಣಿತ ಕಲಿಸಿದ್ದು: ನನ್ನ ಅನುಭವ

ಮಗಳು ಎನ್‌ಐಓಎಸ್‌ನಲ್ಲಿ (ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಬೋರ್ಡು) ಹತ್ತನೇ ಕ್ಲಾಸು ಪಾಸಾದಳು. ಕನ್ನಡದಲ್ಲಿ ತೊಂಬತ್ತರ ಹತ್ತಿರ, ಗಣಿತದಲ್ಲಿ ಎಂಬತ್ತು ಚಿಲ್ಲರೆ. "ಶಾಲೆ ಬಿಡಿಸಿ ಪದ್ಯ ಹಾಡಿಸ್ತಾರಂತೆ" ಎಂದು ಮದುವೆಮನೆಗಳಲ್ಲಿ ಆಡಿಕೊಂಡವರೇ ಈಗ ಫೋನ್ ಮಾಡಿ "ಹೇಗೆ ಮಾಡಿದ್ರಿ?" ಎನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆದುಬಿಡುತ್ತಿದ್ದೇನೆ. ಮನೆಯಲ್ಲೇ ಮಕ್ಕಳಿಗೆ ಕಲಿಸುವವರಿಗೆ ಟಿಎಂಎ (ಬರೆದು ಒಪ್ಪಿಸುವ ಅಸೈನ್‌ಮೆಂಟು), ನೋಂದಣಿ ಎಲ್ಲ ಗೊತ್ತೇ ಇರುತ್ತದೆ. ಆ ಗೊಡವೆಗೆ ಹೋಗುವುದಿಲ್ಲ.

ನಮ್ಮದು ಸಾಗರದ ಕಡೆಯ ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ, ಇಬ್ಬರು ಮಕ್ಕಳು, ಎಂಬತ್ತು ದಾಟಿದ ಅತ್ತೆ. ಅತ್ತೆಗೆ ಕುಮಾರವ್ಯಾಸನ ಪದ್ಯಗಳು ನೂರಾರು ಬಾಯಿಗೆ ಬರುತ್ತವೆ. ದೊಡ್ಡ ಆಸ್ತಿ ಅದೇ. ಆದರೆ ಅದನ್ನು ಪಾಠವಾಗಿ ಬಳಸುವ ದಾರಿ ಸಿಗುವ ಮೊದಲು ನಾವು ಸುರಿದ ದುಡ್ಡು ಕಮ್ಮಿಯೇನಲ್ಲ.

ಮೊದಲು ಒಂದು ಆನ್‌ಲೈನ್ ಕೋರ್ಸ್. ಇಪ್ಪತ್ತು ಇಪ್ಪತ್ತೆರಡು ಸಾವಿರ ಹೋಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟಿಲ್ಲ. ದುಡ್ಡು ವಾಪಸ್ ಕೇಳಿದರೆ "ಅವಧಿ ಮುಗಿದಿದೆ" ಎಂಬ ಉತ್ತರ. ಆಮೇಲೆ ಪೇಟೆಯಿಂದ ಒಬ್ಬ ಮೇಷ್ಟ್ರು, ವಾರಕ್ಕೆ ಎರಡು ದಿನ, ತಿಂಗಳಿಗೆ ನಾಲ್ಕು ಸಾವಿರ. ಆಷಾಢದ ಮಳೆ ಹಿಡಿದದ್ದೇ ಅವರು ಬರುವುದನ್ನು ನಿಲ್ಲಿಸಿದರು. ಅವರದ್ದೇನು ತಪ್ಪಿಲ್ಲ, ನಮ್ಮ ದಾರಿಯೇ ಹಾಗಿದೆ. ಪರಂಪರೆಗೆ ಅಂತ ಬೇರೆ ಗಂಟೆ ಇಟ್ಟೆವು, ರಾತ್ರಿ ಊಟ ಆದ ಮೇಲೆ. ಅತ್ತೆ ಹಾಡುತ್ತಿದ್ದರು, ಮಕ್ಕಳು ನಿದ್ದೆ ಮಾಡುತ್ತಿದ್ದರು.

ಕೊನೆಗೆ ಆ ಗಂಟೆಯನ್ನೇ ಬೆಳಗಿನ ಮೊದಲ ಪಾಠ ಮಾಡಿದೆವು. ದಿನಕ್ಕೆ ಒಂದೇ ಪದ್ಯ. ಗಮಕದಲ್ಲಿ, ಅಂದರೆ ಕಾವ್ಯವನ್ನು ರಾಗವಾಗಿ ಓದಿ ಅರ್ಥ ಹೇಳುವ ಕಲೆಯಲ್ಲಿ, ವಾಚನ ಒಬ್ಬರದ್ದು, ವ್ಯಾಖ್ಯಾನ ಇನ್ನೊಬ್ಬರದ್ದು ಅಲ್ವಾ, ಅದನ್ನೇ ಹಿಡಿದೆವು. ಮಗಳು ಹಾಡಬೇಕು, ಮಗ ಅರ್ಥ ಹೇಳಬೇಕು. ಮರುದಿನ ಅದಲು ಬದಲು. ಅರ್ಥ ಹೇಳುವವನಿಗೆ ಅತ್ತೆ ನಡುವೆ ಅಡ್ಡಪ್ರಶ್ನೆ ಹಾಕುತ್ತಾರೆ. ಅವರಿಗೆ ಹುಷಾರಿಲ್ಲದ ದಿನಗಳಲ್ಲಿ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರ ವಾಚನ ಕೇಳಿಸುತ್ತಿದ್ದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದೆವು! ರೆಕಾರ್ಡಿಂಗು ಒಳ್ಳೆಯದೇ, ಆದರೆ ಅದು ಅಡ್ಡಪ್ರಶ್ನೆ ಕೇಳುವುದಿಲ್ಲ. ಎದುರಿಗೆ ಒಬ್ಬರು ಕೂತಿರಲೇಬೇಕು.

ಇನ್ನು ಗಣಿತ. ಕುಮಾರವ್ಯಾಸನ ಪದ್ಯಗಳೆಲ್ಲ ಭಾಮಿನಿ ಷಟ್ಪದಿ, ಅಂದರೆ ಆರು ಸಾಲಿನ ಒಂದು ಛಂದಸ್ಸು. ಎಣಿಸುವುದು ಮಾತ್ರೆಯಲ್ಲಿ: ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಮೂರು ನಾಲ್ಕು ಮೂರು ನಾಲ್ಕು, ಅಂದರೆ 14 ಮಾತ್ರೆ. ಮೂರು ಮತ್ತು ಆರನೇ ಸಾಲು ಅದರ ಒಂದೂವರೆಯಷ್ಟು, ಮೇಲೊಂದು ಗುರು, ಅಂದರೆ 23. ಒಟ್ಟು 102. ಮಗಳು ಪ್ರಸ್ತಾರ ಹಾಕಿ (ಪ್ರತಿ ಅಕ್ಷರಕ್ಕೂ ಲಘು, ಗುರು ಗುರುತು ಹಾಕಿ) ಕೂಡಿಸುತ್ತಿದ್ದಳು. 102 ಬರಲಿಲ್ಲವೆಂದರೆ ಎಲ್ಲೋ ತಪ್ಪಿದೆ. ನಾನು ತಿದ್ದುವ ಕೆಲಸವೇ ಇಲ್ಲ. (101 ಬಂದರೆ ಮೊದಲು ಉದ್ದ ಸಾಲುಗಳ ಕೊನೆ ನೋಡಿ. ಅಲ್ಲಿ ಲಘು ಇದ್ದರೂ ಗುರು ಎಂದೇ ಎಣಿಸಬೇಕು. ನಮ್ಮಲ್ಲಿ ಜಾಸ್ತಿ ತಪ್ಪುತ್ತಿದ್ದದ್ದು ಅಲ್ಲೇ.)

ಒಂದು ದಿನ ಲಕ್ಷ್ಮೀಶನ ವಾರ್ಧಕ ಷಟ್ಪದಿ ಎಣಿಸಿ 144 ಅಂದಳು. "ಹನ್ನೆರಡು ಹನ್ನೆರಡ್ಲೆ ಆಯ್ತಲ್ಲಮ್ಮ" ಎಂದೂ ಸೇರಿಸಿದಳು. ಹಾಗಾದರೆ ಷಟ್ಪದಿಯ ಆರೂ ಬಗೆ ಎಣಿಸು ಅಂದೆ. ಶರ 60, ಕುಸುಮ 74, ಭೋಗ 88, ಭಾಮಿನಿ 102, ಪರಿವರ್ಧಿನಿ 116, ವಾರ್ಧಕ 144. ಇವಕ್ಕೆಲ್ಲ ಒಂದೇ ಲೆಕ್ಕ ಇರಬೇಕಲ್ಲ, ಹುಡುಕು ಎಂದು ಬಿಟ್ಟೆ. ಗಿಡ್ಡ ಸಾಲಿನ ಮಾತ್ರೆ ‘ಕ’ ಎಂದಿಟ್ಟುಕೊಂಡರೆ ಉದ್ದ ಸಾಲು ಒಂದೂವರೆ ‘ಕ’, ಮೇಲೆ ಎರಡು. ಗಿಡ್ಡ ಸಾಲು ನಾಲ್ಕು, ಉದ್ದ ಸಾಲು ಎರಡು. ಎಲ್ಲ ಕೂಡಿಸಿದರೆ ಏಳು ‘ಕ’, ಮೇಲೆ ನಾಲ್ಕು. ಭಾಮಿನಿಗೆ ‘ಕ’ 14, ವಾರ್ಧಕಕ್ಕೆ 20. ಬೇಕಾದರೆ ನೀವೂ ಹಾಕಿ ನೋಡಿ, ಆರಕ್ಕೆ ಆರೂ ಸರಿ ಬರುತ್ತವೆ. ವಾರಗಟ್ಟಲೆ ಒದ್ದಾಡಿದ್ದಳು, ಆದರೆ ಕಂಡುಹಿಡಿದದ್ದು ಅವಳೇ. ಆಮೇಲೆ ಸಮೀಕರಣಕ್ಕೆ ಅಂತ ಮೇಷ್ಟ್ರು ಬೇಕಾಗಲಿಲ್ಲ. ಇದನ್ನು ನೋಡಿದ ಗಣಿತದ ಉಪನ್ಯಾಸಕರೊಬ್ಬರು, ನಮ್ಮ ನೆಂಟರೇ, "ನನಗೆ ಹೊಳೆದೇ ಇರಲಿಲ್ಲ" ಅಂದರು. ಸ್ವಲ್ಪ ಜಂಬ ಬಂದದ್ದು ನಿಜ.

ಯಾವ ಪದ್ಯದಿಂದ ಶುರು ಮಾಡಿದೆವು, ಯಾವ ಕ್ರಮದಲ್ಲಿ ಹೋದೆವು ಎಂಬ ಪಟ್ಟಿ ಮಾತ್ರ ಕೊಡುವುದಿಲ್ಲ. ವರ್ಷಗಟ್ಟಲೆ ತಿದ್ದಿ ಮಾಡಿಕೊಂಡದ್ದು. ಇಷ್ಟು ಹೇಳುತ್ತೇನೆ: ನಾಂದಿ ಪದ್ಯದಿಂದ (ಕಾವ್ಯದ ಮೊದಲಿನ ದೇವರ ಸ್ತುತಿ) ಶುರು ಮಾಡಬೇಡಿ, ಕಥೆಯಲ್ಲಿ ಜಗಳ ಬರುವ ಪದ್ಯದಿಂದ ಮಾಡಿ. ಅತ್ತೆಯನ್ನು ದಿನಾ ಬೆಳಗ್ಗೆ ಪಾಠಕ್ಕೆ ಕೂರಿಸುವ ಉಪಾಯವೂ ನನ್ನ ಹತ್ತಿರವೇ ಇರಲಿ.

ಶೇಕಡಾ ಲೆಕ್ಕವನ್ನು ಅಡಿಕೆ ಕಲಿಸಿತು. ಕೊಯ್ಲಿನ ಪುಸ್ತಕ ಮಗಳ ಕೈಗೆ ಕೊಟ್ಟೆವು. ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಹನ್ನೆರಡು ಹದಿಮೂರು ಕೆಜಿ ಅಲ್ವಾ. ಸುಲಿಯುವವರ ಕೂಲಿ, ಕಟ್ಟಿಗೆ, ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ಬೇರೆ ಬೇರೆ ದರ, ಎಲ್ಲ ಅವಳೇ ಬರೆದಳು. ಪುಸ್ತಕದ ಲಾಭ-ನಷ್ಟದ ಲೆಕ್ಕ ಆಮೇಲೆ ಅವಳಿಗೆ ಚಪ್ಪೆ ಅನ್ನಿಸಿತು. ನಮ್ಮವರ ಹಳೆಯ ಲೆಕ್ಕದಲ್ಲಿ ಒಂದು ಸೋರಿಕೆಯನ್ನೂ ಹಿಡಿದಳು. ಅದರ ವಿವರ ಬೇಡ, ಮನೆಯಲ್ಲಿ ಶಾಂತಿ ಇರಲಿ.

ನಡುವೆ ಓಲೆಗರಿ ಹುಚ್ಚೂ ಹತ್ತಿತು. ಅಟ್ಟದ ಮೇಲೆ ತಿಗಳಾರಿ ಎಂಬ ಹಳೆಯ ಲಿಪಿಯ ಒಂದು ಓಲೆಗರಿ ಕಟ್ಟು ಇತ್ತು. ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆದು, ಮಜ್ಜಿಗೆಹುಲ್ಲಿನ (ಲೆಮನ್ ಗ್ರಾಸ್) ಎಣ್ಣೆ ಸವರಿ, ಕಾಡಿಗೆ ತಿಕ್ಕಿ ಒರೆಸಿದರೆ ಕೊರೆದ ಅಕ್ಷರ ಕಪ್ಪಗೆ ಎದ್ದು ಕಾಣುತ್ತದೆ. ಎಣ್ಣೆಗೆ ಏಳೆಂಟು ನೂರು ಆಯಿತೇನೋ. ಶುರುವಿನಲ್ಲಿ ಬರಹವಿಲ್ಲದ ಗರಿಯ ಮೇಲೇ ಮಾಡಿ ನೋಡಿ. ನಮ್ಮ ಕಟ್ಟಿನ ಮೊದಲ ಗರಿ ಮುಟ್ಟಿದ್ದೇ ತುದಿ ಪುಡಿಯಾಯಿತು. ಮಗಳು ಅಕ್ಷರ ಗುರುತಿಸುವಷ್ಟಾದಳು, ಓದುವಷ್ಟಲ್ಲ. 2024ರಲ್ಲಿ ಈ ಲಿಪಿ ಯೂನಿಕೋಡ್‌ಗೆ (ಕಂಪ್ಯೂಟರಿನ ಲಿಪಿಗಳ ಜಾಗತಿಕ ಪಟ್ಟಿ) ಸೇರಿತು ಎಂದು ತಿಳಿದ ದಿನ ಅವಳ ಕುಣಿತ ನೋಡಬೇಕಿತ್ತು. ಪರೀಕ್ಷೆಗೆ ಇದರಿಂದ ಒಂದು ಅಂಕವೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಪರೀಕ್ಷೆಯ ಮಾತು ಚಿಕ್ಕದು. ಕನ್ನಡ, ಇಂಗ್ಲಿಷ್, ಗಣಿತ, ಗೃಹವಿಜ್ಞಾನ, ಚಿತ್ರಕಲೆ. ಶುಲ್ಕ ಎಲ್ಲ ಸೇರಿ ನಾಲ್ಕೈದು ಸಾವಿರ ಆಗಿರಬೇಕು. ಪರೀಕ್ಷಾ ಕೇಂದ್ರಕ್ಕೆ ಓಡಾಡಿದ ಖರ್ಚೇ ಅದಕ್ಕಿಂತ ಜಾಸ್ತಿ. ಐದು ವರ್ಷದಲ್ಲಿ ಒಂಬತ್ತು ಅವಕಾಶ ಇರುವುದರಿಂದ ಐದನ್ನೂ ಒಟ್ಟಿಗೆ ಬರೆಯಿಸಲಿಲ್ಲ. ಇಂಗ್ಲಿಷ್ ಮೊದಲ ಸಲ ಹೋಯಿತು. ಮೂವತ್ತಮೂರು ಬೇಕಿತ್ತು, ಅದರ ಹತ್ತಿರವೂ ಬರಲಿಲ್ಲ. ಇಂಗ್ಲಿಷಿಗೆ ಷಟ್ಪದಿ ಎಲ್ಲಿಂದ ತರುವುದು? ಅಲ್ಲಿ ಸುಮ್ನೆ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂತಳು, ಮುಂದಿನ ಸಲ ಆಯಿತು.

ಪಿಯುಸಿ ಸೇರಿಸಲು ಹೋದಾಗ ಒಂದು ಕಾಲೇಜಿನಲ್ಲಿ "ಶಾಲೆಯ ಟಿಸಿ ಎಲ್ಲಿ?" ಎಂದು ವಾಪಸ್ ಕಳಿಸಿದರು. ಎನ್‌ಐಓಎಸ್‌ನ ಮೈಗ್ರೇಷನ್ ಕಮ್ ಟ್ರಾನ್ಸ್‌ಫರ್ ಪತ್ರ ತೋರಿಸಿದರೂ ಕೇಳಲಿಲ್ಲ. ಇನ್ನೊಂದು ಕಾಲೇಜಿನಲ್ಲಿ ಅದೇ ಪತ್ರ ನಡೆಯಿತು. ಬೇರೆ ಬೋರ್ಡಿನವರಿಗೆ ಪಿಯು ಇಲಾಖೆಯ ಅರ್ಹತಾ ಪತ್ರ ಬೇಕು, ಮೊದಲೇ ಮಾಡಿಸಿಟ್ಟುಕೊಳ್ಳಿ.

ಈಗ ಮಗನ ಸರದಿ. ಅವನಿಗೆ ಪದ್ಯ ಬೇಡ, ಯಕ್ಷಗಾನ ಬೇಕು. ಆಗಲಿ ಎಂದು ತಾಳದಿಂದ ಶುರು ಮಾಡಿದ್ದೇವೆ. ಅವನು ತ್ರಿವುಡೆ ತಾಳ ಏಳು ಎಣಿಕೆಗೆ, ಅಕ್ಕ ಏಕತಾಳ ನಾಲ್ಕು ಎಣಿಕೆಗೆ, ಇಬ್ಬರೂ ಒಟ್ಟಿಗೆ ಹೊರಟರೆ 28ಕ್ಕೆ ಸೇರಬೇಕು. ಏಳು, ನಾಲ್ಕರ ಲಸಾಅ (ಲಘುತ್ತಮ ಸಾಮಾನ್ಯ ಅಪವರ್ತ್ಯ) ಅದೇ. ಹತ್ತಕ್ಕೆ ಬರುವಷ್ಟರಲ್ಲಿ ಇಬ್ಬರಿಗೂ ನಗು ಬಂದು ತಾಳ ತಪ್ಪುತ್ತದೆ. ಇನ್ನೂ ಸರಿ ಹೋಗಿಲ್ಲ. ಅವನಿಗೆ ಚೆಂಡೆಯೇ ಬೇಕಂತೆ, ಹೊಸದರ ರೇಟು ಕೇಳಿ ನಮ್ಮವರು ಸುಮ್ಮನಾಗಿದ್ದಾರೆ. ಹಳೆಯದು ಎಲ್ಲಾದರೂ ಇದ್ದರೆ ತಿಳಿಸಿ, ಚರ್ಮ ಹೋಗಿದ್ದರೂ ಅಡ್ಡಿಯಿಲ್ಲ.